ಅಂಬಿಗ ಬದುಕಿದ್ದ ಆಷಾಢ

ಕಳೆದ ಭಾನುವಾರ ಮಧ್ಯಾಹ್ನ, ಚಳ್ಳಕೆರೆಯ ನಮ್ಮ ಮನೆಯ ಹಿಂಬದಿಯ ಎಣ್ಣೆ ಗಿರಣಿಯಿಂದ ಶೇಂಗಾ ಹಿಂಡಿಯ ವಾಸನೆ ಗಾಳಿಯೊಡನೆ ಒಳಗೆ ಬರುತ್ತಿದ್ದ ಹೊತ್ತಿನಲ್ಲಿ, ನನ್ನ ಹೆಂಡತಿ ಟಿ.ವಿ.ಯ ಮುಂದೆ ಕುಳಿತು ನನ್ನನ್ನು ಕರೆದಳು. ಇಂಗ್ಲಿಷ್ ಚಿತ್ರವೊಂದು ಕನ್ನಡದಲ್ಲಿ ಮಾತನಾಡುತ್ತಿದೆ, ಬಂದು ತಪ್ಪು ಹುಡುಕಿ ಎಂಬುದು ಆ ಕರೆಯ ಅರ್ಥ. ನಾನು ಹೋಗಿ ಬಾಗಿಲಲ್ಲೇ ನಿಂತೆ. ಪರದೆಯ ಮೇಲೆ ನೀರಿಲ್ಲದ ಕಡಲು. ಕಡಲಿನ ನೀರೆಲ್ಲ ಮೇಲಕ್ಕೇರಿ ಕರಿಯ ಮೋಡವಾಗಿ ನಿಂತಿದೆ. ಕೆಳಗೆ ಬಿರುಕು ಬಿಟ್ಟ ತಳದ ಮೇಲೆ, ಆಳೆತ್ತರದಲ್ಲಿ, ಒಂದು ದೋಣಿ ಗಾಳಿಯಲ್ಲಿ ತೇಲುತ್ತಿದೆ. ಲೋಕವೆಲ್ಲ ಇಪ್ಪತ್ತು ವರ್ಷಗಳ ಹಿಂದೆಯೇ ನೋಡಿ ಮುಗಿಸಿದ್ದ ಮೂರು ಭಾಗಗಳ ಚಿತ್ರ ಅದು. ಅದರ ಮೂರನೆಯ ಭಾಗವನ್ನು ನಾನು ಆಗಲೇ ನೋಡಿದ್ದೆ. ಮೊದಲೆರಡನ್ನು ನೋಡಿರಲಿಲ್ಲ, ಕೇಳಿದ್ದೆ. ಇದನ್ನು ಹೆಂಡತಿಗೆ ವಿವರಿಸಲು ಹೋಗಿ, ಕುಳಿತುಕೊಳ್ಳಲಾಗದೆ, ನಡುಮನೆಗೂ ಅಂಗಳಕ್ಕೂ ಓಡಾಡತೊಡಗಿದೆ.

"ಕೂತ್ಕಂಡು ಹೇಳ್ರಿ, ಇಲ್ಲಾ ನಿಂತ್ಕಂಡು ಹೇಳ್ರಿ" ಎಂದಳು ಅವಳು.

ಆ ವರ್ಷದ ಮಾತು ಬಂದರೆ ನನಗೆ ಎರಡೂ ಸಾಧ್ಯವಾಗುವುದಿಲ್ಲ.

ಹೊಸ ಶತಮಾನ ಆರಂಭವಾಗಿ ಕೆಲವೇ ವರ್ಷಗಳಾಗಿದ್ದವು. ನಾನು ಮೊಳಕಾಲ್ಮುರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕ. ಹೆಂಡತಿಯೂ ತಾಯಿಯೂ ಚಳ್ಳಕೆರೆಯಲ್ಲಿದ್ದರು. ಅಲ್ಲಿಗೆ ವರ್ಗಾವಣೆ ಕೋರಿ ಅರ್ಜಿ ಹಾಕಿದ್ದೆ. ಅದು ಇಂದು ಬರುತ್ತದೆ, ನಾಳೆ ಬರುತ್ತದೆ ಎಂಬ ನಿರೀಕ್ಷೆಯಲ್ಲಿ ಯಾವ ಕೆಲಸದಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ. ಹಾಸಿಗೆಯನ್ನು ಸುತ್ತಿಯೇ ಇಡುತ್ತಿದ್ದೆ. ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಯಿಂದ ಹೊರಗೆ ತೆಗೆಯುತ್ತಿರಲಿಲ್ಲ. ಸಂಜೆಯಾದರೆ ಬಸ್ ನಿಲ್ದಾಣದವರೆಗೆ ನಡೆದು, ಚಳ್ಳಕೆರೆಯ ಬಸ್ಸು ಹೊರಡುವುದನ್ನು ನೋಡಿ, ಹತ್ತದೆ ಹಿಂತಿರುಗುತ್ತಿದ್ದೆ.

ಈ ಚಡಪಡಿಕೆಯೆಲ್ಲ ಒಳಗೆ. ಹೊರಗೆ ನಾನು ಊರಿಗೆ ಗೊತ್ತಿದ್ದ ಶಿಸ್ತಿನ ಮನುಷ್ಯ. ಅಲ್ಪಪ್ರಾಣವಿರಬೇಕಾದಲ್ಲಿ ಮಹಾಪ್ರಾಣ ಬಿದ್ದರೆ ನನಗೆ ಊಟ ರುಚಿಸುತ್ತಿರಲಿಲ್ಲ. ಮುದ್ರಣಾಲಯದವರು ಲಗ್ನಪತ್ರಿಕೆಯ ಕರಡನ್ನು ನನಗೆ ತೋರಿಸಿಯೇ ಅಚ್ಚಿಗೆ ಇಳಿಸುತ್ತಿದ್ದರು. ಸಂತೆಯಲ್ಲಿ ತೂಕದ ಜಗಳವಾದರೂ, ಮೇಷ್ಟ್ರು ಅಲ್ಲೇ ನಿಂತಿದ್ದರಲ್ಲ, ಅವರನ್ನೇ ಕೇಳಿ ಎನ್ನುವಷ್ಟು ಹೆಸರು. ಆ ಹೆಸರಿನ ಬಗ್ಗೆ ನನಗೆ ಹೆಮ್ಮೆ ಇರಲಿಲ್ಲ ಎಂದರೆ ಅದು ಸರಿಯಾದ ವಾಕ್ಯವಾಗುವುದಿಲ್ಲ.

ನಾನು ಬಾಡಿಗೆಗಿದ್ದದ್ದು ಅಂಜಿನಪ್ಪ ಎಂಬ ರೇಷ್ಮೆ ನೇಕಾರನ ಮನೆಯ ಅಟ್ಟದಲ್ಲಿ. ಕೆಳಗೆ ಮಗ್ಗದ ಕೋಣೆ. ನೆಲದಲ್ಲಿ ಗುಣಿ ತೋಡಿ, ಅದರೊಳಗೆ ಕಾಲಿಳಿಬಿಟ್ಟು ಕುಳಿತು ನೇಯುವ ಮಗ್ಗಗಳು ಅವು. ಒಂದರಲ್ಲಿ ಅಂಜಿನಪ್ಪ, ಇನ್ನೊಂದರಲ್ಲಿ ಕೂಲಿಗೆ ನೇಯುತ್ತಿದ್ದ ಓಬಳೇಶಿ; ಗಡಿಯಾಚೆಯ ಹಳ್ಳಿಯವನಾದ ಓಬಳೇಶಿಯ ಮಾತು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ತಲುಪುತ್ತಿತ್ತು. ಗೋಡೆಯ ಬದಿಯ ಮೂರನೆಯ ಮಗ್ಗ ಖಾಲಿ. ಅದು ಅಂಜಿನಪ್ಪನ ತಮ್ಮ ಪರಮೇಶಿಯದು. ಪರಮೇಶಿ ಎಡಚ. ಬಲಗೈಗೆ ಹೊಂದಿಸಿದ ಮಗ್ಗದಲ್ಲಿ ಅವನು ನೇಯ್ದರೆ ಅಂಚು ಸೊಟ್ಟಗಾಗುತ್ತದೆ ಎಂದು ಅಣ್ಣ ಅವನನ್ನು ಎಬ್ಬಿಸಿ, ರಾಟೆಯ ಮುಂದೆ ಕೂರಿಸಿದ್ದ. ನೂಲನ್ನು ಕಂಡಿಕೆಗೆ ಸುತ್ತಿಕೊಡುವುದು ಮಾತ್ರ ಅವನ ಪಾಲಿನ ಕೆಲಸ. ಮದುವೆಯಾಗಿರಲಿಲ್ಲ. ಮಾತಿಗೊಮ್ಮೆ ಅಂಜಿನಪ್ಪ, "ಇವ್ನ ಚಳ್ಳಕೆರೆ ಎಣ್ಣೆ ಮಿಲ್ಲಿಗೆ ಮೂಟೆ ಹೊರಾಕೆ ಕಳಿಸ್ತೀನಿ" ಎನ್ನುತ್ತಿದ್ದ. ಆ ಮಾತು ಮೊದಲು ಗದರಿಕೆಯಾಗಿತ್ತು. ಬರಬರುತ್ತ ಏರ್ಪಾಟಾಗುತ್ತಿತ್ತು.

ಪರಮೇಶಿಯನ್ನು ಅಲ್ಲಿ ಉಳಿಸಿದ್ದದ್ದು ಅವನ ಬಾಯಿ. ಆಗ ಇಂಥ ಚಿತ್ರಗಳು ಕನ್ನಡದಲ್ಲಿ ಬರುತ್ತಿರಲಿಲ್ಲ. ಗಡಿ ದಾಟಿ ರಾಯದುರ್ಗಕ್ಕೆ ಹೋದರೆ ತೆಲುಗಿನಲ್ಲಿ ನೋಡಬಹುದಿತ್ತು. ಮುಗಿಲಿಗೇರಿದ ಕಡಲು, ಮಾತನಾಡುವ ಕಬ್ಬಿಣ, ನಡೆದಾಡುವ ಪಟ್ಟಣ, ಯಾವುದು ಬಂದರೂ ಪರಮೇಶಿ ಹೋಗಿ ನೋಡಿ ಬಂದು, ರಾಟೆ ತಿರುಗಿಸುತ್ತ, ಮಗ್ಗದವರಿಗೆ ಹೇಳುತ್ತಿದ್ದ. ಅದಕ್ಕೊಂದು ಕ್ರಮವಿತ್ತು. ಮಗ್ಗಕ್ಕೆ ಸೀರೆ ಏರಿದ ದಿನ ಕಥೆ ಶುರು. ಸೀರೆ ಇಳಿಯುವ ದಿನ ಕಥೆ ಮುಕ್ತಾಯ. ಮೈಭಾಗದಲ್ಲಿ ಪ್ರಯಾಣ, ಬೆಟ್ಟ, ಬಯಲು. ಸೆರಗು ಬಂದಾಗ ಯುದ್ಧ. ಜರಿ ತುಂಡಾಗಿ ಕೆಲಸ ನಿಂತರೆ ಕಥೆಯ ರಾಣಿಯೂ ಎಲ್ಲಿದ್ದಳೋ ಅಲ್ಲೇ ಕಾಯಬೇಕು. ಅಂಜಿನಪ್ಪನ ಹೆಂಡತಿ ಸಾಕಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಕೇಳುತ್ತಿದ್ದರು. ಬೇರೆಡೆ ಹೆಚ್ಚು ಕೂಲಿ ಸಿಕ್ಕರೂ ಓಬಳೇಶಿ ಹೋಗಿರಲಿಲ್ಲ. "ಕಥೆ ಇಲ್ದೆ ಗುಣ್ಯಾಗೆ ಕುಂತ್ರೆ ಸೊಂಟದ ತನಕ ಹೂತಂಗೆ ಆಗ್ತೈತೆ ಸಾರ್" ಎಂದು ನನಗೆ ಹೇಳಿದ್ದ.

ನಾನು ಮೇಲೆ ಉತ್ತರಪತ್ರಿಕೆ ತಿದ್ದುತ್ತ ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ. ಕಾಲಗಳ ಗೊಂದಲ, ಕರ್ತೃವಿಲ್ಲದ ಕ್ರಿಯಾಪದ, ಒಂದೇ ಉಸಿರಿನಲ್ಲಿ ಎರಡು ಭಾಷೆ. ಸಹಿಸುವುದು ಕಷ್ಟ. ಆದರೂ, ಒಣಕಡಲಿನ ಚಿತ್ರದ ಮೊದಲ ಭಾಗವನ್ನೂ ಎರಡನೆಯದನ್ನೂ ನಾನು ಹೀಗೆಯೇ, ಅಟ್ಟದ ಹಲಗೆಯ ಸಂದಿನಿಂದ ತಿಳಿದುಕೊಂಡೆ. ಗಾಳಿಯಲ್ಲಿ ತೇಲುವ ದೋಣಿಯ ಮುದಿ ಅಂಬಿಗನೊಬ್ಬನಿದ್ದ. ಪುಟ್ಟ ರಾಣಿಯನ್ನೂ ಅವಳ ಸಂಗಡಿಗರನ್ನೂ ಅವನು ಆ ಕಡಲು ದಾಟಿಸುತ್ತಾನೆ. ಎರಡನೆಯ ಭಾಗದ ಕೊನೆಯಲ್ಲಿ, ಮೋಡದ ಒಂದು ಪಾಲು ನೀರು ಒಮ್ಮೆಲೇ ಬಿದ್ದು ಎಲ್ಲರನ್ನೂ ಕೊಚ್ಚಿಕೊಂಡೊಯ್ಯುವ ಹೊತ್ತಿಗೆ, ಒಬ್ಬನೇ ನಿಂತು ಮಹಾದ್ವಾರವನ್ನು ಮುಚ್ಚಿ ಹಿಡಿಯುತ್ತಾನೆ, ಆಮೇಲೆ ಈಜಿ ದಡ ಸೇರುತ್ತಾನೆ. ಸಾಕಮ್ಮನಿಗೆ ಉಳಿದ ಯಾರೂ ಲೆಕ್ಕಕ್ಕಿರಲಿಲ್ಲ. ಅಂಬಿಗ ಊಟ ಮಾಡಿದನೇ ಎಂದು ಕಥೆಯ ನಡುವೆ ಕೇಳುತ್ತಿದ್ದರು. ಮಾಡ್ದ ಅತ್ತಿಗೆ, ಮುದ್ದೆ ಇಲ್ಲ ಅಲ್ಲಿ, ಒಣರೊಟ್ಟಿ ತಿಂದ ಎನ್ನುತ್ತಿದ್ದ ಪರಮೇಶಿ.

ಆ ಎರಡನೆಯ ಭಾಗ ನಡೆಯುತ್ತಿದ್ದಾಗ ಒಂದು ಸಣ್ಣ ಪ್ರಸಂಗವಾಯಿತು. ಶಾಲೆಯ ಹಳೆಯ ಮುಖ್ಯೋಪಾಧ್ಯಾಯರು ತೀರಿಕೊಂಡು ನಮಗೆ ರಜೆ ಕೊಟ್ಟಿದ್ದರು. ಬೇಗ ಮನೆಗೆ ಬಂದ ನಾನು ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತು ಕಾರಣ ಹೇಳಲು ಬಾಯಿ ತೆರೆದೆ. ಸಾಕಮ್ಮ ಎದ್ದು ಬಂದು ನನ್ನನ್ನು ಬಾಗಿಲಿಂದಾಚೆಗೆ ಸರಿಸಿದರು.

"ಧಾರೆ ಸೀರೆ ಐತ್ರಿ ಮಗ್ಗದ ಮ್ಯಾಲೆ. ಸಾವಿನ ಮಾತು ಒಳಗೆ ಆಡಬಾರ್ದು. ಏನಿದ್ರೂ ಬೀದ್ಯಾಗೆ ಹೇಳ್ರಿ."

ಮದುವೆಯ ಧಾರೆಗೆ ಉಡುವ ಸೀರೆ ನೇಯುತ್ತಿರುವಾಗ ಆ ಮನೆಯವರು ಪಾಲಿಸುತ್ತಿದ್ದ ಪದ್ಧತಿ ಅದು. ಸಾವಿನ ಮಾತು ಎಳೆಯೊಳಗೆ ಸೇರಿಕೊಳ್ಳುತ್ತದೆಯಂತೆ. ನಾನು ಬೀದಿಗೆ ಹೋಗಿ ಹೇಳಿದೆ, ಮರೆತೆ.

ಬೇಸಿಗೆ ಕಳೆಯುವ ಹೊತ್ತಿಗೆ ಪರಮೇಶಿಯ ಗಂಟಲು ಕಟ್ಟಿತು. ಮೊದಲು ಶೀತ ಎಂದರು, ಆಮೇಲೆ ಧೂಳು ಎಂದರು. ಕೊನೆಗೆ ದಾವಣಗೆರೆಯ ದೊಡ್ಡ ಆಸ್ಪತ್ರೆಯಲ್ಲಿ ಧ್ವನಿಯ ತಂತಿಯ ಮೇಲೆ ಬೆಳೆದಿದ್ದ ಗಂಟೊಂದನ್ನು ತೆಗೆದರು. ಕೆಟ್ಟ ಗಂಟಲ್ಲ ಎಂದು ಸಮಾಧಾನ ಹೇಳಿ ಕಳಿಸಿದರಾದರೂ, ಆಷಾಢ ಕಳೆಯುವವರೆಗೆ ಪಿಸುಮಾತೂ ಕೂಡದು, ಬಸ್ಸಿನ ಧೂಳಿಗೆ ಹೋಗಕೂಡದು ಎಂದು ಕಟ್ಟುನಿಟ್ಟು ಮಾಡಿದ್ದರು. ಆಮೇಲೂ ಧ್ವನಿ ಮೊದಲಿನಂತೆ ಬಂದೀತೆಂದು ಯಾರೂ ಭರವಸೆ ಕೊಟ್ಟಿರಲಿಲ್ಲ. ಅವನು ಕುತ್ತಿಗೆಗೆ ಟವೆಲು ಸುತ್ತಿಕೊಂಡು ರಾಟೆಯ ಮುಂದೆ ಕುಳಿತ. ಮಗ್ಗದ ಕೋಣೆಯಲ್ಲಿ ಲಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಅದನ್ನೇ ಬಯಸಿದ್ದವನು. ಆ ಮೌನದಲ್ಲಿ ಒಂದು ಪತ್ರಿಕೆಯನ್ನೂ ನೆಟ್ಟಗೆ ತಿದ್ದಲಾಗಲಿಲ್ಲ.

ಆಷಾಢದ ಗಾಳಿ ಬಂತು. ನಮ್ಮ ಸೀಮೆಯಲ್ಲಿ ಅದು ಮಳೆಯನ್ನು ತರುವ ಗಾಳಿಯಲ್ಲ, ಒಯ್ಯುವ ಗಾಳಿ. ಬಂಡೆಗುಡ್ಡಗಳ ಸಂದಿನಿಂದ ಹೊರಟು, ಶೇಂಗಾ ಬಿತ್ತಿದ ಹೊಲಗಳ ಕೆಂಪು ಮಣ್ಣನ್ನು ಹೊತ್ತುಕೊಂಡು, ಕಿಟಕಿಗಳನ್ನು ಹಗಲೆಲ್ಲ ಬಡಿಯುತ್ತಿತ್ತು. ಮೋಡಗಳು ತಲೆಯ ಮೇಲೆಯೇ ತುಂಬಿ ನಿಂತು ಹನಿಯುದುರಿಸದೆ ಸಾಗುತ್ತಿದ್ದವು. ಓಬಳೇಶಿ, ಬಳ್ಳಾರಿ ಕಡೆ ಯಂತ್ರಮಗ್ಗದ ಶೆಡ್ಡಿಗೆ ಕರೆಯುತ್ತಿದ್ದಾರೆ ಎಂದು ಗಾಳಿಗೆ ಹೇಳಿದಂತೆ ಹೇಳತೊಡಗಿದ. ನೂಲಿಗೆ ಹಾಕುವ ಬಣ್ಣದ ಅಂಗಡಿಯವನು ಬಂದು, ಒಣಕಡಲಿನ ಚಿತ್ರವನ್ನು ತಾನೂ ನೋಡಿದ್ದೆನೆಂದೂ, ಅಂಬಿಗ ಎರಡನೆಯ ಭಾಗದಲ್ಲೇ ಸತ್ತನೆಂದೂ ಅಂಜಿನಪ್ಪನಿಗೆ ಹೇಳಿಹೋದ. ಅಂಜಿನಪ್ಪ ಅದನ್ನು ಹಿಡಿದುಕೊಂಡ. ಇವನು ಅರ್ಧ ನೋಡುತ್ತಾನೆ, ಅರ್ಧ ನಿದ್ದೆ ಮಾಡಿ ಬಂದು ಬಾಯಿಗೆ ಬಂದದ್ದು ಕಟ್ಟುತ್ತಾನೆ. ಇಷ್ಟು ದಿನ ಸುಳ್ಳಿಗೆ ಅನ್ನ ಹಾಕಿದೆ. ಈಗ ಸುಳ್ಳು ಹೇಳಲೂ ಗಂಟಲಿಲ್ಲ. ಇದನ್ನೆಲ್ಲ ತಮ್ಮನ ಎದುರಿಗೇ ಹೇಳಿದ. ಶ್ರಾವಣ ಬಂದೊಡನೆ ಮಿಲ್ಲಿಗೆ ಕಳಿಸುವುದೆಂದು ಚಳ್ಳಕೆರೆಗೆ ಮಾತು ಹೋಯಿತು. ಪರಮೇಶಿ ಉತ್ತರ ಕೊಡುವಂತಿರಲಿಲ್ಲ. ರಾಟೆ ಮಾತ್ರ ಒಂದೇ ಸಮನೆ ತಿರುಗುತ್ತಿತ್ತು, ಕಂಡಿಕೆ ತುಂಬಿದ ಮೇಲೂ.

ಆಗ ರಾಯದುರ್ಗಕ್ಕೆ ಮೂರನೆಯ ಭಾಗ ಬಂತು. ಹೆಚ್ಚು ದಿನ ನಿಲ್ಲುವ ಚಿತ್ರವಲ್ಲ. ಸಾಕಮ್ಮ ಅಟ್ಟದ ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಕರೆದರು. ಓಬಳೇಶಿ ಕತ್ತಲಲ್ಲಿ ಕುಳಿತರೆ ನಿದ್ದೆ ಹೋಗುತ್ತಾನೆ, ಮನೆಯವರು ಮಗ್ಗ ಬಿಡುವುದಿಲ್ಲ. ನೀವು ಹೋಗಿ ನೋಡಿಬಂದು ಹೇಳಬೇಕು ಎಂದರು. ನಾನು ಇಂಥ ಚಿತ್ರಗಳನ್ನು ನೋಡಿದವನಲ್ಲ, ಮೂರನೆಯದನ್ನು ಮೊದಲು ನೋಡುವುದು ಕ್ರಮವೂ ಅಲ್ಲ ಎಂದೆ. ಅವರ ಹಿಂದೆ ಪರಮೇಶಿ ನಿಂತಿದ್ದ. ಅವನು ಕೈಮುಗಿಯಲಿಲ್ಲ, ಸನ್ನೆ ಮಾಡಲಿಲ್ಲ. ನನ್ನನ್ನು ನೋಡಿದ, ಅಷ್ಟೇ. ಹೇಗೂ ಭಾನುವಾರ ನಾನು ಬಸ್ ನಿಲ್ದಾಣಕ್ಕೆ ಹೋಗಿ ಸುಮ್ಮನೆ ನಿಂತು ಬರುವವನೇ. ಆ ಭಾನುವಾರ ಹತ್ತಿದೆ.

ಮಧ್ಯಾಹ್ನದ ಆಟ. ತಗಡಿನ ಮಾಡಿನ ಮೇಲೆ ಗಾಳಿ ಓಡಾಡುತ್ತಿತ್ತು. ಬೆಂಚಿನಲ್ಲಿ ಕುಳಿತ ನನಗೆ ಐದು ನಿಮಿಷಕ್ಕೊಮ್ಮೆ ಎದ್ದು ಹೋಗಬೇಕೆನಿಸುತ್ತಿತ್ತು. ಚಿತ್ರ ಶುರುವಾದೊಡನೆ ಒಂದು ಖಾಲಿ ದೋಣಿಯನ್ನು ಸಂಗಡಿಗರೆಲ್ಲ ಹೊತ್ತು ತಂದು ಗಾಳಿಗೆ ಬಿಟ್ಟರು. ದೋಣಿ ದೂರ ದೂರ ತೇಲಿ ಚುಕ್ಕೆಯಾಯಿತು; ಪುಟ್ಟ ರಾಣಿ ಮುಖ ತಿರುಗಿಸಿಕೊಂಡಳು. ನನ್ನ ಅಕ್ಕಪಕ್ಕದವರು ಮೂಗು ಒರೆಸಿಕೊಳ್ಳುತ್ತಿದ್ದರು. ನಾನು ಮಾತ್ರ ಅಂಬಿಗ ಎಲ್ಲಿ ಎಂದು ಹುಡುಕುತ್ತಿದ್ದೆ. ಹಿಂದಿನ ಸಾಲಿನಲ್ಲಿದ್ದಾನೇನೋ, ಮುಂದಿನ ದೃಶ್ಯದಲ್ಲಿ ಬರುತ್ತಾನೇನೋ. ಅವನು ಬರಲಿಲ್ಲ. ವಿರಾಮದ ದೀಪ ಹೊತ್ತಿಕೊಂಡಾಗ ನನಗೆ ಸಾಕಮ್ಮನ ಕೈ ನನ್ನನ್ನು ಬಾಗಿಲಿಂದ ಸರಿಸಿದ್ದು ನೆನಪಾಯಿತು. ಬಣ್ಣದ ಅಂಗಡಿಯವನು ಹೇಳಿದ್ದು ನಿಜ. ಪರಮೇಶಿ ನಿದ್ದೆ ಮಾಡಿರಲಿಲ್ಲ, ಮರೆತೂ ಇರಲಿಲ್ಲ. ದ್ವಾರ ಮುಚ್ಚುವ ಹೊತ್ತಿಗೆ ಮಗ್ಗದ ಮೇಲೆ ಧಾರೆ ಸೀರೆಯಿತ್ತು. ಯಾರದೋ ಮಗಳ ಮದುವೆಗಾಗಿ ಅವನು ಅಂಬಿಗನನ್ನು ಈಜಿಸಿ ದಡಕ್ಕೆ ತಂದಿದ್ದ.

ಉಳಿದರ್ಧ ಚಿತ್ರವನ್ನು ನಾನು ಹಿಂದುಗಡೆ ಗೋಡೆಗೆ ಒರಗಿ ನಿಂತು ನೋಡಿದೆ. ಬೆಟ್ಟದಷ್ಟು ಎತ್ತರದ ಕಬ್ಬಿಣದ ಮನುಷ್ಯ ಮಂಡಿಯೂರಿದ್ದನ್ನೂ, ಮುಗಿಲಿನ ಕಡಲು ನಿಧಾನವಾಗಿ, ಯಾರನ್ನೂ ಕೊಲ್ಲದೆ, ಮಳೆಯಾಗಿ ಕೆಳಗಿಳಿದದ್ದನ್ನೂ ಕಂಡೆ. ಊರಿನ ಮಳೆಗಾಗಿ ಕಾದು ಬೇಸತ್ತಿದ್ದ ಆ ಜನ ತಗಡಿನ ಮಾಡಿನ ಕೆಳಗೆ ಸಿಳ್ಳೆ ಹಾಕುತ್ತಿದ್ದರು. ನನ್ನ ಎದೆಯೂ ತುಂಬಿತು. ಇದನ್ನು ಇಷ್ಟು ತಡವಾಗಿ, ಬಾಲದ ಕಡೆಯಿಂದ ಕಂಡೆನಲ್ಲ ಎನ್ನಿಸಿತು. ಆದರೆ ಹಿಂತಿರುಗುವ ಬಸ್ಸಿನಲ್ಲಿ ನನ್ನೊಂದಿಗೆ ಕುಳಿತಿದ್ದದ್ದು ಆ ಖಾಲಿ ದೋಣಿ. ನಿಜ ಹೇಳಿದರೆ ಅಂಜಿನಪ್ಪನ ಕೈಗೆ ತಮ್ಮನ ಸುಳ್ಳನ್ನು ಕೊಟ್ಟಂತೆ. ಪದ್ಧತಿಯನ್ನು ನೆನಪಿಸಿ ಸಮರ್ಥಿಸಿದರೆ, ಸಾಯುವವನನ್ನು ಧಾರೆ ಸೀರೆಯ ಕಥೆಗೆ ತಂದದ್ದೇ ತಪ್ಪು ಎಂದಾನು. ಅವನು ಮಾತು ಬಿಡುವ ಮನುಷ್ಯನಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಮಗ್ಗದ ಕೋಣೆಯಲ್ಲಿ ನನಗೊಂದು ಕುರ್ಚಿ ಹಾಕಿದ್ದರು. ನಾನು ಕುಳಿತುಕೊಳ್ಳದೆ ನಿಂತು, ಪಾಠದಂತೆ ಆರಂಭಿಸಿದೆ: ಮೊದಲನೆಯದಾಗಿ ಕಥೆ ನಡೆಯುವ ಸ್ಥಳ, ಎರಡನೆಯದಾಗಿ ಪಾತ್ರಗಳ ಪರಿಚಯ. ಓಬಳೇಶಿ ಲಾಳಿ ಎಳೆಯುತ್ತಲೇ, "ಏಮಿ ಮೇಷ್ಟ್ರೇ, ಹಾಜರಿ ಕೂಗಿದ್ ಮ್ಯಾಲೆ ಶುರು ಮಾಡ್ತೀರಾ?" ಎಂದ. ಸಾಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪರಮೇಶಿಯ ರಾಟೆ ನಿಂತಿತು. ನನ್ನ ವಾಕ್ಯಗಳೆಲ್ಲ ಪೂರ್ಣವಾಗಿದ್ದವು, ಒಂದಕ್ಕೂ ಜೀವವಿರಲಿಲ್ಲ. ಆ ನಿಂತ ರಾಟೆಯನ್ನು ನೋಡಿ ಅದು ನನಗೆ ತಿಳಿಯಿತು. ಪರಿಚಯವನ್ನು ಅಲ್ಲೇ ಬಿಟ್ಟು, ಒಣಕಡಲಿನಲ್ಲಿ ಇಂಥದೇ ಗಾಳಿ ಬೀಸುತ್ತಿತ್ತು ಎಂದೆ. ರಾಟೆ ಮೆಲ್ಲಗೆ ತಿರುಗಿತು.

"ಅಂಬಿಗ ಏನಾದ?" ಎಂದರು ಸಾಕಮ್ಮ.

ಅಂಜಿನಪ್ಪ ಮಗ್ಗ ನಿಲ್ಲಿಸಿ, ಗುಣಿಯೊಳಗಿಂದಲೇ ನನ್ನ ಕಡೆ ತಿರುಗಿದ. "ಈಗ ಧಾರೆ ಸೀರೆ ಇಲ್ಲ ಮೇಷ್ಟ್ರೇ, ಸತ್ತಿದ್ರೆ ಸತ್ತ ಅಂತ್ಲೇ ಹೇಳ್ರಿ. ಬಣ್ಣದಂಗಡಿಯೋನು ಸುಳ್ಳೋ, ಇವ್ನು ಸುಳ್ಳೋ, ನೀವು ಕಣ್ಣಾರೆ ಕಂಡೋರು. ನೀವು ಹೇಳಿದ್ದೇ ಕಡೇ ಮಾತು."

ಓಬಳೇಶಿಯ ಮಗ್ಗವೂ ನಿಂತಿತು. ರಾಟೆ ನಿಂತಿತು. ಹೊರಗೆ ಕಿಟಕಿಯ ಬಾಗಿಲು ಬಡಿದುಕೊಳ್ಳುತ್ತಿತ್ತು. ನಾನು ಪರಮೇಶಿಯನ್ನು ನೋಡಲಿಲ್ಲ. ನೋಡಿದ್ದರೆ ಅಂಜಿನಪ್ಪನಿಗೆ ತಿಳಿಯುತ್ತಿತ್ತು.

"ದೋಣಿ ಖಾಲಿ ಬಂತು" ಎಂದೆ. ಇದು ಕಂಡ ಮಾತು. "ಎಲ್ಲರೂ ಅಂಬಿಗ ಸತ್ತ ಎಂದುಕೊಂಡರು. ನೋಡುತ್ತ ಕುಳಿತವರೂ ಹಾಗೇ ತಿಳಿದರು. ಬಣ್ಣದಂಗಡಿಯವನೂ ಹಾಗೇ ತಿಳಿದಿರಬೇಕು." ಇಲ್ಲಿಯವರೆಗೂ ನಾನು ನೆಲದ ಮೇಲಿದ್ದೆ. ಮುಂದಿನ ವಾಕ್ಯಕ್ಕೆ ಆಧಾರವಿರಲಿಲ್ಲ. "ಆದರೆ ಅವನು ದೋಣಿಯಿಂದ ಇಳಿದು ಮುಂದೆ ಹೋಗಿದ್ದ. ಬಲಗೈಯಲ್ಲಿ ಹುಟ್ಟು ಹಿಡಿದು, ಎಡಗೈಯನ್ನು ಕಣ್ಣಿಗೆ ಮರೆ ಮಾಡಿಕೊಂಡು, ಆ ಬಯಲಿನಲ್ಲಿ ಒಬ್ಬನೇ ನಡೆದು ಹೋಗುತ್ತಿದ್ದ."

ರಾಟೆ ಒಂದು ಸುತ್ತು ತಿರುಗಿ ತಟ್ಟನೆ ನಿಂತಿತು. ಏನು ತಪ್ಪಿತೆಂದು ತಿಳಿಯಲಿಲ್ಲ. ಆಮೇಲೆ ಮತ್ತೆ ತಿರುಗತೊಡಗಿತು.

"ಒಣರೊಟ್ಟಿ ಕಟ್ಕಂಡಿದ್ನಾ?" ಎಂದರು ಸಾಕಮ್ಮ.

"ಕಟ್ಟಿಕೊಂಡಿದ್ದ."

ಅಂಜಿನಪ್ಪ ನನ್ನ ಮುಖವನ್ನೇ ನೋಡಿದ. ಊರಿನ ಲಗ್ನಪತ್ರಿಕೆಗಳನ್ನೆಲ್ಲ ತಿದ್ದಿದ ಮುಖ ಅದು. "ಮೇಷ್ಟ್ರು ಹೇಳಿದ್ ಮ್ಯಾಲೆ ಮುಗೀತು ಬಿಡು" ಎಂದು, ಮತ್ತೆ ಲಾಳಿಯ ಹಗ್ಗ ಎಳೆದ.

ಆ ಆಷಾಢವೆಲ್ಲ ನಾನು ಆ ಕೋಣೆಯಲ್ಲಿ ಓಡಾಡುತ್ತ ಕಥೆ ಹೇಳಿದೆ. ರಾಟೆ ನಿಂತರೆ ದಾರಿ ಬದಲಿಸುತ್ತಿದ್ದೆ, ಓಡಿದರೆ ಮುಂದೆ ಹೋಗುತ್ತಿದ್ದೆ. ಚಿತ್ರದಲ್ಲಿ ಅಂಬಿಗನಿಗೆ ಜಾಗವಿಲ್ಲದ ಕಡೆಗಳಲ್ಲೆಲ್ಲ ಅವನು ಒಂದು ದಿನದ ದಾರಿ ಮುಂದಿರುತ್ತಿದ್ದ. ಸಂಗಡಿಗರು ಬಂದಾಗ ಒಲೆ ಇನ್ನೂ ಬಿಸಿಯಾಗಿರುತ್ತಿತ್ತು. ಬಸ್ ನಿಲ್ದಾಣಕ್ಕೆ ಹೋಗುವುದನ್ನು ಯಾವಾಗ ಬಿಟ್ಟೆನೆಂದು ನನಗೇ ತಿಳಿಯಲಿಲ್ಲ. ಓಬಳೇಶಿ ಬಳ್ಳಾರಿಯ ಮಾತೆತ್ತಲಿಲ್ಲ. ತಮ್ಮನ ಕಥೆಗಳಿಂದಲೇ ಆಳು ನಿಂತಿದ್ದಾನೆ ಎಂಬುದು ಅಂಜಿನಪ್ಪನಿಗೂ ಹೊಳೆದಿರಬೇಕು. ಗಂಟಲು ವಾಸಿಯಾಗಲಿ ನೋಡೋಣ ಎಂದ ಮೇಲೆ ಮಿಲ್ಲಿನ ಸುದ್ದಿ ಬರಲಿಲ್ಲ. ಸೆರಗು ಮುಗಿದ ದಿನ ಕಡಲು ಕೆಳಗಿಳಿಯಿತು. ಮೊದಲ ನೀರಿನಲ್ಲಿ ದೋಣಿ ಇಳಿಸಿದವನು ಅಂಬಿಗ.

ಆ ಸೀರೆ ಇಳಿದ ಕೆಲವೇ ದಿನಗಳಲ್ಲಿ ನನ್ನ ವರ್ಗಾವಣೆಯ ಆದೇಶ ಬಂತು. ಕಟ್ಟಲು ಏನೂ ಇರಲಿಲ್ಲ, ಎಲ್ಲವೂ ಕಟ್ಟಿಯೇ ಇತ್ತು. ಆದರೂ ಹೊರಡಲು ತಡ ಮಾಡಿದೆ. ಶ್ರಾವಣದ ಮೊದಲ ಸೋಮವಾರ ಪರಮೇಶಿ ರಟ್ಟಿನ ಪೆಟ್ಟಿಗೆ ಹೊತ್ತು ಬಸ್ಸಿನವರೆಗೆ ಬಂದ. ಮಾತನಾಡಬಹುದೆಂದು ಎರಡು ದಿನ ಮೊದಲು ಆಸ್ಪತ್ರೆಯಲ್ಲಿ ಒಪ್ಪಿಗೆ ಸಿಕ್ಕಿತ್ತು; ಮನೆಯಲ್ಲಿ ಯಾರ ಹತ್ತಿರವೂ ಇನ್ನೂ ಬಾಯಿ ತೆರೆದಿರಲಿಲ್ಲ. ಪೆಟ್ಟಿಗೆಯನ್ನು ಸೀಟಿನ ಕೆಳಗೆ ತಳ್ಳಿ, ಕಿಟಕಿಯ ಬಳಿ ಬಂದು ನಿಂತ. ಕಬ್ಬಿಣದ ತಗಡನ್ನು ಎಳೆದಂಥ ಧ್ವನಿ ಬಂತು.

"ಮೇಷ್ಟ್ರೇ, ಒಂದು ತಪ್ಪು ಮಾಡಿದ್ರಿ."

"ಏನು?"

"ಅಂಬಿಗ ಎಡಚ. ನೀವು ಬಲಗೈಗೆ ಹುಟ್ಟು ಕೊಟ್ರಿ."

ನಾನು ಆ ಸಂಗತಿಯನ್ನು ಅರ್ಧ ಕಿವಿಯ ದೆಸೆಯಿಂದ ಕಳೆದುಕೊಂಡಿದ್ದೆ. ಕ್ಷಮೆ ಕೇಳುವಷ್ಟರಲ್ಲಿ ಬಸ್ಸು ಹೊರಟಿತು. ಅವನು ಎಡಗೈ ಎತ್ತಿದ. ಊರಾಚೆಯ ಹಾನಗಲ್ ಕ್ರಾಸ್ ದಾಟುವವರೆಗೂ ನಾನು ಕಿಟಕಿಯ ಸರಳು ಹಿಡಿದುಕೊಂಡೇ ಇದ್ದೆ. ಅವನ ಧ್ವನಿ ಅಷ್ಟಕ್ಕೇ ನಿಂತಿತು, ಹೆಚ್ಚು ತಿಳಿಯಾಗಲಿಲ್ಲ ಎಂದು ಆಮೇಲೆ ಕೇಳಿದೆ; ಆ ಒರಟು ಧ್ವನಿಯಲ್ಲೇ ಬಹಳ ವರ್ಷ ಕಥೆ ಹೇಳಿದನೆಂದೂ ಕೇಳಿದೆ.

ಕಳೆದ ಭಾನುವಾರ ಟಿ.ವಿ.ಯಲ್ಲಿ ಬರುತ್ತಿದ್ದದ್ದು ಎರಡನೆಯ ಭಾಗ. ಮಹಾದ್ವಾರದ ದೃಶ್ಯ ಹತ್ತಿರವಾದಂತೆ ನಾನು ಓಡಾಟ ನಿಲ್ಲಿಸಿ ಹೆಂಡತಿಯ ಕುರ್ಚಿಯ ಹಿಂದೆ ಬಂದು ನಿಂತೆ. ಅಷ್ಟು ವರ್ಷ ಹೆಸರು ಕೇಳಿದ್ದ ಮನುಷ್ಯನ ಮುಖವನ್ನು ಮೊದಲ ಬಾರಿ ಕಂಡೆ. ಬಿಳಿಯ ಗಡ್ಡ, ನೀಲಿ ಕಣ್ಣು, ಯಾರೋ ಪರದೇಶಿ. ನೀರು ಗರ್ಜಿಸುತ್ತ ಕೆಳಗಿಳಿಯಿತು. ಅವನು ದ್ವಾರಕ್ಕೆ ಬೆನ್ನು ಕೊಟ್ಟು, ಹುಟ್ಟನ್ನು ಅಗುಳಿಯಂತೆ ಅಡ್ಡ ಹಿಡಿದು ನಿಂತ. ಹೆಂಡತಿ ಸೆರಗನ್ನು ಕಣ್ಣಿಗೊತ್ತಿಕೊಂಡಳು. ನಾನು ಪರದೆಯ ಹತ್ತಿರಕ್ಕೆ ಹೋಗಿ, ಬಗ್ಗಿ, ಅವನ ಕೈಯನ್ನು ನೋಡಿದೆ.

"ತಪ್ಪು" ಎಂದೆ.

ಯಾವ ಪದ ಎಂದು ಕೇಳಿದಳು ಅವಳು.

"ಪದವಲ್ಲ. ಬಲಗೈಯಲ್ಲಿ ಹಿಡಿದಿದ್ದಾನೆ."